ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಮಾನದ ಪಾಳಿ, ಲೌಂಜಿನ ಬಾಗಿಲು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಚೆಕ್-ಇನ್ ಪಾಳಿಯ ಬಗ್ಗೆ, ಉಳಿದವು ಲೌಂಜಿನ, ಅಂದರೆ ವಿಮಾನಕ್ಕೆ ಕಾಯುವಾಗ ಕೂತು ತಿಂದು ವಿಶ್ರಮಿಸುವ ಕೋಣೆಯ, ಬಗ್ಗೆ. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿ ಏಳಕ್ಕೆ ಉತ್ತರಿಸಿದ್ದೇವೆ. ಓದುಗರ ಹೆಸರನ್ನೂ ಅವರು ದೂರಿದ ಕಂಪನಿಗಳ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ಬೆಳಗಿನ 9:40ರ ವಿಮಾನಕ್ಕ ಗದಗದಿಂದ ಹುಬ್ಬಳ್ಳಿಗೆ ಬಂದಿದ್ದೆವು. 8:20ಕ್ಕ ಪಾಳಿಯೊಳಗ ನಿಂತೆವು. ಮುಂದ ಹದಿನೈದಿಪ್ಪತ್ತು ಮಂದಿ. ನಮ್ಮ ಸರದಿ ಬರೂದ್ರಾಗ 8:45 ಆಗಿತ್ತು, "ಕೌಂಟರ್ ಬಂದ್ ಆಗೇದ" ಅಂದರು. ಪಾಳಿ ತಡ ಆದದ್ದು ಅವರಿಂದ, ರೊಕ್ಕ ಹೋದದ್ದು ನಮ್ಮದು. ಏನು ಮಾಡಬಹುದಿತ್ತು, ಈಗ ಏನು ಮಾಡಬಹುದು?
— ಬೆಟಗೇರಿ, ಗದಗ

ಉತ್ತರ: ದೇಶದೊಳಗಿನ ವಿಮಾನಗಳಿಗೆ ಕೌಂಟರ್ ಮುಚ್ಚುವುದು ಸಾಮಾನ್ಯವಾಗಿ ಹೊರಡುವ ಸಮಯಕ್ಕೆ 60 ನಿಮಿಷ ಮುಂಚೆ, ಬೋರ್ಡಿಂಗ್ ಗೇಟ್ ಮುಚ್ಚುವುದು 25 ನಿಮಿಷ ಮುಂಚೆ. ನಿಮ್ಮ ಗಡುವು 8:40 ಇತ್ತು. ಅಂದರೆ ಪಾಳಿಗೆ ನಿಂತಾಗ ನಿಮ್ಮ ಕೈಯಲ್ಲಿ ಉಳಿದಿದ್ದದ್ದು 20 ನಿಮಿಷ. ಟಿಕೆಟ್ ಮೇಲೆ ದಪ್ಪಕ್ಷರದಲ್ಲಿ 9:40 ಎಂದಿರುವುದರಿಂದ ಎಲ್ಲರ ಲೆಕ್ಕವೂ ಅಲ್ಲಿಂದಲೇ ಶುರುವಾಗುತ್ತದೆ. ಟಿಕೆಟ್ ಬಂದ ದಿನವೇ ಅದರ ಮೇಲೆ ಪೆನ್ನಿನಲ್ಲಿ 8:40 ಎಂದು ಬರೆದುಕೊಂಡುಬಿಡಿ. ಹಿಡಿಯಬೇಕಾದ ಸಮಯ ಅದೇ.

ಪಾಳಿ ಯಾಕೆ ಅಷ್ಟು ನಿಧಾನ ಎಂಬುದಕ್ಕೆ ಒಂದು ಲೆಕ್ಕ. ಹುಬ್ಬಳ್ಳಿ–ಬೆಂಗಳೂರು ಮಧ್ಯೆ ಹಾರುವ ಇಂಡಿಗೋದ ಎಟಿಆರ್-72ರಲ್ಲಿ 78 ಆಸನ. ಮೂರು ಕೌಂಟರ್ ತೆರೆದಿದ್ದು ಒಬ್ಬರಿಗೆ ಎರಡು ನಿಮಿಷ ಹಿಡಿದರೂ ಎಲ್ಲರೂ ಮುಗಿಯಲು 52 ನಿಮಿಷ ಬೇಕು. 180 ಆಸನದ ಏರ್‌ಬಸ್ ಆದರೆ ಅದೇ ಲೆಕ್ಕ ಎರಡು ತಾಸಿಗೆ ಹೋಗುತ್ತದೆ. ತಾಸಿನೊಳಗೆ ಎರಡು ವಿಮಾನ ಹೊರಡುವ ವೇಳೆಯಲ್ಲಿ ಎರಡರ ಮಂದಿಯೂ ಅದೇ ಹಾಲಿನಲ್ಲಿ ಇರುತ್ತಾರೆ. ಇದರ ಮೇಲೆ ಒಬ್ಬರ ಚೀಲ ನಾಲ್ಕು ಕಿಲೋ ಜಾಸ್ತಿ ಬಂದು, ಅವರು ನೆಲದ ಮೇಲೆ ಕೂತು ಸಾಮಾನು ತೆಗೆದಿಡಲು ಶುರುಮಾಡಿದರೆ ಎಂಟು-ಹತ್ತು ನಿಮಿಷ ಆ ಕೌಂಟರ್ ನಿಂತೇಹೋಗುತ್ತದೆ. ಸಿಬ್ಬಂದಿಯ ಕೈ ನಿಧಾನವಾಗಿ ಪಾಳಿ ನಿಲ್ಲುವುದು ಕಡಿಮೆ. ಹೆಚ್ಚಾಗಿ ನಿಲ್ಲಿಸುವುದು ತೂಕ, ಇಲ್ಲವೇ ಹೆಸರಿನ ತಪ್ಪು.

ಗದಗದಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ 60 ಕಿಲೋಮೀಟರ್. ದಾರಿಗೆ ಒಂದೂವರೆ ತಾಸು, ಊರು ದಾಟಿ ಗೋಕುಲ ರಸ್ತೆ ಮುಟ್ಟಲು ಇನ್ನರ್ಧ ತಾಸು ಹಿಡಿಯಿರಿ. ಕೌಂಟರ್ ಮುಚ್ಚುವುದಕ್ಕೆ ಒಂದು ತಾಸು ಮುಂಚೆ, ಅಂದರೆ 7:40ಕ್ಕೆ, ಟರ್ಮಿನಲ್ ಬಾಗಿಲಲ್ಲಿ ಇರಬೇಕು. ಮನೆಯಿಂದ 5:40ಕ್ಕೆ ಹೊರಡಬೇಕು. ಹಾವೇರಿಯವರಿಗೆ ದೂರ ಇನ್ನೂ 15 ಕಿಲೋಮೀಟರ್ ಹೆಚ್ಚು. ಧಾರವಾಡದವರು ಚಿಗರಿ ಬಸ್ಸಿಗೆ ಬರುವುದಾದರೆ ಅದು ನಿಲ್ದಾಣದ ತನಕ ಹೋಗುವುದಿಲ್ಲ. ಇಳಿದು ಆಟೊ ಹಿಡಿಯುವ ಹೊತ್ತನ್ನೂ ಸೇರಿಸಿಕೊಳ್ಳಿ.

ಪಾಳಿಯಲ್ಲಿ ನಿಂತು ಗಡುವು ಹತ್ತಿರ ಬಂದಾಗ ಸುಮ್ಮನೆ ಕಾಯಬಾರದು. ಹೊರಡಲು 75 ನಿಮಿಷ ಉಳಿದಾಗಲೇ ಒಬ್ಬರನ್ನು ಪಾಳಿಯಲ್ಲಿ ಬಿಟ್ಟು ಇನ್ನೊಬ್ಬರು ಸಿಬ್ಬಂದಿಯ ಹತ್ತಿರ ಹೋಗಿ ವಿಮಾನದ ನಂಬರ್, ಸಮಯ, ಎಷ್ಟು ಮಂದಿ, ಎಷ್ಟು ಚೀಲ ಎಂದು ಹೇಳಿ. ಆ ವಿಮಾನದವರನ್ನು ಮುಂದೆ ಕರೆಯುವುದು ಎಲ್ಲ ಕಡೆ ರೂಢಿ. ಅದು ನೀವು ಬೇಡುವ ಉಪಕಾರವಲ್ಲ, ಅವರ ಕೆಲಸ. ಆದರೆ ಪಾಳಿಯ ನಡುವೆ ಯಾರು ಯಾವ ವಿಮಾನದವರೆಂದು ನೋಡಿದರೆ ಗೊತ್ತಾಗುವುದಿಲ್ಲ, ಬಾಯಿಬಿಟ್ಟು ಹೇಳಲೇಬೇಕು.

ಈಗ ರೊಕ್ಕದ ಮಾತು. ಟಿಕೆಟ್ ಮರುಪಾವತಿ ಇಲ್ಲದ್ದೇ ಆಗಿದ್ದರೂ, ನೀವು ಹಾರದಿದ್ದಾಗ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರ ಶುಲ್ಕವನ್ನು ಕಂಪನಿ ಹಿಂತಿರುಗಿಸಬೇಕು. ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ನಿಯಮ. ಕೇಳದಿದ್ದರೆ ಬಹಳ ಸಲ ಬರುವುದಿಲ್ಲ. ಪಿಎನ್‌ಆರ್ ಬರೆದು ಇಮೇಲ್ ಮಾಡಿ.

ಮೂಲ ದರವೂ ಬೇಕೆಂದರೆ, ಗಡುವಿಗೆ ಮುಂಚೆ ನೀವು ಪಾಳಿಯಲ್ಲಿ ಇದ್ದಿರಿ ಎಂದು ತೋರಿಸಬೇಕು. ಕಂಪನಿಯ ದಾಖಲೆಯಲ್ಲಿ ನೀವು "ಬಾರದವರು" ಎಂದಷ್ಟೇ ಇರುತ್ತದೆ. ಪಾರ್ಕಿಂಗ್ ಚೀಟಿ, ಟ್ಯಾಕ್ಸಿ ಬಿಲ್ಲು, ನಿಲ್ದಾಣದಲ್ಲಿ ಚಹಾಕ್ಕೆ ಮಾಡಿದ ಯುಪಿಐ ಪಾವತಿ, ಸಿಬ್ಬಂದಿಗೆ ಮಾಡಿದ ಕರೆ, ಇವೆಲ್ಲದರ ಮೇಲೆ ಸಮಯ ಇರುತ್ತದೆ. ದೂರಿನಲ್ಲಿ ಆ ದಿನದ 8:15ರಿಂದ 8:50ರ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಸ್ಪಷ್ಟವಾಗಿ ಕೇಳಿ. ಹಳೆಯ ದೃಶ್ಯಗಳನ್ನು ಅಳಿಸಿಹಾಕುತ್ತಾರೆ, ತಡ ಮಾಡಬೇಡಿ. ಮೊದಲು ಕಂಪನಿಯ ನೋಡಲ್ ಅಧಿಕಾರಿಗೆ, ಉತ್ತರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಜೊತೆಗೆ ಕೇಂದ್ರ ಸರ್ಕಾರದ ಏರ್‌ಸೇವಾದಲ್ಲಿ ದೂರು ದಾಖಲಿಸಿ. ಗ್ರಾಹಕ ಸಹಾಯವಾಣಿ 1915. ಅದಕ್ಕೂ ಆಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗದಗ ಬಿಟ್ಟು ಹೋಗಬೇಕಿಲ್ಲ. ನೀವು ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಇನ್ನೊಂದು ಮಾತು. "ವಿಮಾನ ಹತ್ತಿಸದಿದ್ದರೆ ₹10,000 ಕೊಡಬೇಕು" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಆ ನಿಯಮ ಇರುವುದು ಆಸನಕ್ಕಿಂತ ಹೆಚ್ಚು ಟಿಕೆಟ್ ಮಾರಿ, ಸಮಯಕ್ಕೆ ಬಂದವರನ್ನು ಬಿಟ್ಟುಹೋದಾಗ. ಆಗ ಬದಲಿ ವಿಮಾನವನ್ನು ಒಂದು ತಾಸಿನೊಳಗೆ ಕೊಟ್ಟರೆ ಪರಿಹಾರವಿಲ್ಲ. 24 ತಾಸಿನೊಳಗೆ ಕೊಟ್ಟರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ₹10,000 ಮೀರದಂತೆ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, ₹20,000 ಮೀರದಂತೆ. ನಿಮ್ಮದು ಈ ಪ್ರಕರಣವಲ್ಲ. ದೂರಿನಲ್ಲಿ ಅದನ್ನು ಎತ್ತಿದರೆ ಇಡೀ ದೂರೇ ಹಗುರಾಗುತ್ತದೆ. "ಸೇವಾ ನ್ಯೂನತೆ" ಎಂದು ಬರೆಯಿರಿ.

ಪ್ರಶ್ನೆ: ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ಮೊಬೈಲಿನಲ್ಲಿ ಇಟ್ಟುಕೊಂಡು ಹೋದರೂ ಅದೇ ಪಾಳಿಯಲ್ಲಿ ನಿಲ್ಲಿಸಿದರು. ಹಾಗಾದರೆ ಅದರಿಂದ ಲಾಭವೇನು?
— ಸಪ್ತಾಪುರ, ಧಾರವಾಡ

ಉತ್ತರ: ಕೊಡಬೇಕಾದ ಚೀಲ ಇದ್ದದ್ದೇ ಕಾರಣ. ವೆಬ್ ಚೆಕ್-ಇನ್ ನಿಮಗೆ ಆಸನ ಮತ್ತು ಪಾಸ್ ಕೊಡುತ್ತದೆ, ಚೀಲವನ್ನು ತೂಗಿ ಪಟ್ಟಿ ಕಟ್ಟುವ ಕೆಲಸ ಕೌಂಟರಿನಲ್ಲೇ ಉಳಿಯುತ್ತದೆ. ದೊಡ್ಡ ನಿಲ್ದಾಣಗಳಲ್ಲಿ "ಬ್ಯಾಗ್ ಡ್ರಾಪ್" ಎಂದು ಬೇರೆ ಪಾಳಿ ಇರುತ್ತದೆ. ಸಣ್ಣ ನಿಲ್ದಾಣದಲ್ಲಿ ಅದಕ್ಕೆ ಬೇರೆ ಕೌಂಟರ್ ಇಲ್ಲದಿದ್ದರೂ, "ವೆಬ್ ಚೆಕ್-ಇನ್ ಆಗಿದೆ, ಚೀಲ ಮಾತ್ರ ಕೊಡುವುದಿದೆ" ಎಂದು ಕೇಳಿ ನೋಡಿ. 7 ಕಿಲೋದೊಳಗಿನ ಒಂದೇ ಕೈಚೀಲದಲ್ಲಿ ಪ್ರಯಾಣ ಮುಗಿಯುವುದಾದರೆ ಕೌಂಟರಿನ ಕಡೆ ತಿರುಗಿಯೂ ನೋಡದೆ ನೇರ ಭದ್ರತಾ ತಪಾಸಣೆಗೆ ಹೋಗಬಹುದು. ಎರಡು ದಿನದ ಮದುವೆಗೆ, ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರಿಗೆ ಇದಕ್ಕಿಂತ ವೇಗದ ದಾರಿ ಇಲ್ಲ. ಎಟಿಆರ್‌ನಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು, ಗಾಲಿ ಚೀಲ ಅಲ್ಲಿ ಕೂರದಿದ್ದರೆ ಏಣಿಯ ಬಳಿ ಪಟ್ಟಿ ಕಟ್ಟಿ ಕೆಳಗೆ ಹಾಕುತ್ತಾರೆ. ಮೆತ್ತನೆಯ ಬಟ್ಟೆ ಚೀಲ ಒಳ್ಳೆಯದು. ಬಂಗಾರ, ಮದ್ದು, ಪವರ್ ಬ್ಯಾಂಕ್ ಅದರ ಮೇಲ್ಜೇಬಿನಲ್ಲಿರಲಿ, ತೆಗೆದುಕೊಂಡು ಒಳಗೆ ಹೋಗಲು ಬರಬೇಕು.

ಇನ್ನೊಂದು ಲಾಭ: ಇಂಡಿಗೋದಂಥ ಕಂಪನಿಗಳಲ್ಲಿ ವೆಬ್ ಚೆಕ್-ಇನ್ 48 ತಾಸು ಮುಂಚೆ ತೆರೆದು, ಹೊರಡಲು ಒಂದು ತಾಸು ಇರುವಾಗ ಮುಚ್ಚುತ್ತದೆ. ಹಿಂದಿನ ದಿನವೇ ಮಾಡಿದರೆ ಹೆಸರಿನ ತೊಂದರೆ, ಪಿಎನ್‌ಆರ್ ತೊಂದರೆ ಮನೆಯಲ್ಲಿ ಕೂತಾಗಲೇ ಗೊತ್ತಾಗುತ್ತದೆ. ಅಲ್ಲಿ ಕಿಟಕಿ ಆಸನಕ್ಕೆ ದುಡ್ಡು ಕೇಳುವ ಪುಟ ಬಂದರೆ ಉಚಿತ ಆಸನ ಆರಿಸಿ, ಅಥವಾ ಆಸನ ಆರಿಸದೆ ಮುಂದೆ ಹೋಗಿ. ಮಾಡದೇ ಬಂದರೂ ಬೋರ್ಡಿಂಗ್ ಪಾಸ್ ಕೊಡಲು ಕೌಂಟರಿನಲ್ಲಿ ದುಡ್ಡು ಕೇಳುವಂತಿಲ್ಲ. ವಿಮಾನಯಾನ ಸಚಿವಾಲಯ 2022ರ ಜುಲೈ 21ರಂದು ಇದನ್ನು ಸ್ಪಷ್ಟಪಡಿಸಿದೆ.

ಪ್ರಶ್ನೆ: ದಿಲ್ಲಿಯೊಳಗಿನ ಮಗಳ ಮನೆಗೆ ಹೋಗೋದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಸಾಲಿ ಖಾರ, ರಂಜಕ, ಕೊಬ್ಬರಿ, ತುಪ್ಪ, ಪೇಡೆ ಒಯ್ಯಬೇಕು. ಹೋದ ಸಲ ಚೀಲ ಬಿಚ್ಚಿಸಿ ಅರ್ಧ ಸಾಮಾನು ತೆಗೆಸಿದರು, ಹಿಂದೆ ನಿಂತವರೆಲ್ಲ ಬೈದರು. ಯಾವುದು ಎಲ್ಲಿ ಇಡಬೇಕು?
— ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಕೊಬ್ಬರಿಯನ್ನು ಮನೆಯಲ್ಲೇ ಬಿಡಿ. ಒಣ ಕೊಬ್ಬರಿ ಗಿಟುಕ ಎಣ್ಣೆಯಿಂದ ತುಂಬಿದ್ದು, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಕೆಳಗೆ ಹಾಕುವ ಚೀಲದಲ್ಲೂ ಬಿಡುವುದಿಲ್ಲ. ಎಕ್ಸ್-ರೇಯಲ್ಲಿ ಅದರ ಗುಂಡನೆಯ ಆಕಾರ ತಕ್ಷಣ ಕಾಣುತ್ತದೆ. ಇಡೀ ತೆಂಗಿನಕಾಯಿಯನ್ನೂ ಕೈಚೀಲದಲ್ಲಿ ಬಿಡುವುದಿಲ್ಲ. ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗೆ 2024ರಲ್ಲಿ ವಿನಾಯಿತಿ ಕೊಡಲು ಪ್ರತ್ಯೇಕ ಆದೇಶವೇ ಬೇಕಾಯಿತು, ಅದೂ 2025ರ ಜನವರಿ 20ರವರೆಗೆ ಮಾತ್ರ.

ಮಸಾಲಿ ಖಾರ, ಒಣ ಮೆಣಸಿನಕಾಯಿ ಕೆಳಗೆ ಹಾಕುವ ಚೀಲಕ್ಕೆ. ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಕಣ್ಣಿಗೆ ಎರಚಿದರೆ ಅದೇ ಆಯುಧ. ರಂಜಕ, ಎಣ್ಣೆ ಮೇಲೆ ತೇಲುವ ಉಪ್ಪಿನಕಾಯಿ, ತುಪ್ಪವೂ ಕೆಳಗಿನ ಚೀಲಕ್ಕೇ. ಇವನ್ನು ಸ್ಟೀಲ್ ಡಬ್ಬಿಯಲ್ಲಿ ಒತ್ತಿ ಮುಚ್ಚಿ ಕಳಿಸಬೇಡಿ. ಹಾರುವಾಗ ವಿಮಾನದ ಒಳಗಿನ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಇಳಿಯುತ್ತದೆ, ಡಬ್ಬಿಯೊಳಗಿನ ಗಾಳಿ ಹಿಗ್ಗಿ ಮುಚ್ಚಳವನ್ನು ಎಬ್ಬಿಸುತ್ತದೆ. ತಿರುಪು ಮುಚ್ಚಳದ ಪ್ಲಾಸ್ಟಿಕ್ ಬಾಟಲಿ, ಬಾಯಿಂದ ಎರಡು ಬೆರಳು ಕೆಳಗಿನ ತನಕ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಚ್ಚಿ ತಿರುಪು ಬಿಗಿದು, ಮೇಲೆ ಟೇಪು ಸುತ್ತಿ, ಎರಡು ಕ್ಯಾರಿಬ್ಯಾಗ್‌ನೊಳಗೆ ಗಂಟು ಕಟ್ಟಿ. ಸೀರೆಗಳ ಮಧ್ಯೆ ಅಲ್ಲ, ಟವೆಲಿನಲ್ಲಿ ಸುತ್ತಿ ಇಡಿ. ತುಪ್ಪ ಗಟ್ಟಿಯಾದ ಮೇಲೆ ಪ್ಯಾಕ್ ಮಾಡಿ.

ಪೇಡೆ, ಖಡಕ್ ರೊಟ್ಟಿ ಕೈಚೀಲಕ್ಕೆ ಬರುತ್ತವೆ, ರೊಟ್ಟಿ ಅಲ್ಲೇ ಇದ್ದರೆ ಮುರಿಯುವುದಿಲ್ಲ. ಶೇಂಗಾ ಚಟ್ನಿಯಲ್ಲಿ ಖಾರ ಇರುವುದರಿಂದ ವಾದಕ್ಕೆ ಎಡೆ ಕೊಡದೆ ಕೆಳಗೆ ಹಾಕಿ. ಎಲೆಯಡಿಕೆ ಸಂಚಿಯಲ್ಲಿ ಅಡಕತ್ತರಿ ಇದ್ದರೆ ಅದು ತಪ್ಪದೆ ಕೆಳಗಿನ ಚೀಲಕ್ಕೆ ಹೋಗಬೇಕು. ಹಿರಿಯರ ಸಂಚಿಯನ್ನು ಮನೆಯಲ್ಲೇ ಒಮ್ಮೆ ನೋಡಿ. ಭದ್ರತಾ ತಪಾಸಣೆಯಲ್ಲಿ ಸಿಕ್ಕರೆ ಎಷ್ಟೋ ವರ್ಷ ಬಳಸಿದ ಅಡಕತ್ತರಿ ಕಸದ ಡಬ್ಬಿಗೆ ಹೋಗುತ್ತದೆ. ಬೆಂಕಿಪೊಟ್ಟಣ, ಲೈಟರ್ ಎರಡರಲ್ಲೂ ಬೇಡ.

ಇದಕ್ಕೆಲ್ಲ ತದ್ವಿರುದ್ಧ ಪವರ್ ಬ್ಯಾಂಕ್. ಅದು ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕಿದರೆ ಚೀಲ ಬಿಚ್ಚಿಸುತ್ತಾರೆ. ಸಾಮರ್ಥ್ಯ 100 ವ್ಯಾಟ್-ಅವರ್ ಒಳಗಿರಬೇಕು. ಅದರ ಮೇಲೆ ಬರೆದ ಎಂಎಎಚ್ ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ: 20,000 ಎಂಎಎಚ್ ಅಂದರೆ 74, ನಡೆಯುತ್ತದೆ. ಅಕ್ಷರ ಅಳಿಸಿಹೋದ ಪವರ್ ಬ್ಯಾಂಕಿಗೆ ಒಪ್ಪುವುದು ಕಷ್ಟ.

ಚೀಲ ಬಿಚ್ಚಿಸುವುದು ಎಲ್ಲಿ ಎಂಬುದೂ ಮುಖ್ಯ. ಸಣ್ಣ ನಿಲ್ದಾಣಗಳಲ್ಲಿ ಕೌಂಟರಿಗೆ ಮುಂಚೆಯೇ ಎಕ್ಸ್-ರೇ ಮಾಡಿ ಪಟ್ಟಿ ಬಿಗಿಯುತ್ತಾರೆ. ಆಮೇಲೆ ತೂಕ ಹೆಚ್ಚೆಂದು ಬಿಚ್ಚಿದರೆ ಮತ್ತೆ ಎಕ್ಸ್-ರೇ ಪಾಳಿಗೆ ಹೋಗಬೇಕು. ಬೆಂಗಳೂರಿನಂಥ ಕಡೆ ಚೀಲ ಬೆಲ್ಟಿನ ಮೇಲೆ ಒಳಗೆ ಹೋದ ಮೇಲೆ ತಪಾಸಣೆ. ಅಲ್ಲಿ ಪವರ್ ಬ್ಯಾಂಕ್ ಸಿಕ್ಕರೆ ನೀವು ಗೇಟಿನ ಹತ್ತಿರ ಕೂತಿರುವಾಗ ಕರೆ ಬರುತ್ತದೆ, ಫೋನ್ ಎತ್ತದಿದ್ದರೆ ಚೀಲ ಉಳಿದುಬಿಡುತ್ತದೆ. ಟಿಕೆಟ್ಟಿಗೆ ಕೊಟ್ಟ ನಂಬರಿನ ಫೋನು ಪ್ರಯಾಣ ಮಾಡುವವರ ಕೈಯಲ್ಲೇ ಇರಬೇಕು. ಮಗ ಬುಕ್ ಮಾಡಿ ತನ್ನ ನಂಬರ್ ಹಾಕಿದ್ದರೆ ಕರೆ ಹೋಗುವುದು ಮಗನಿಗೆ.

ತೂಕಕ್ಕೆ ಕೊನೆಯ ಮಾತು. ಸಾಮಾನ್ಯ ಟಿಕೆಟ್ಟಿಗೆ ಕೆಳಗಿನ ಚೀಲ 15 ಕಿಲೋ. ಕೆಲವು ಕಂಪನಿಗಳಲ್ಲಿ ಅದು ಒಂದೇ ಚೀಲ ಆಗಿರಬೇಕು. 8 ಮತ್ತು 7 ಕಿಲೋದ ಎರಡು ಗಂಟು ಮಾಡಿದರೆ ತೂಕ ಸರಿಯಿದ್ದರೂ ಎರಡನೆಯದಕ್ಕೆ ದುಡ್ಡು. ಮನೆಯ ತೂಕದ ಯಂತ್ರದ ಮೇಲೆ ಚೀಲ ಹಿಡಿದು ನಿಂತು, ಆಮೇಲೆ ಬರಿಗೈಲಿ ನಿಂತು, ಕಳೆಯಿರಿ. 14 ಕಿಲೋಕ್ಕೆ ನಿಲ್ಲಿಸಿ. ಹೆಚ್ಚು ಬೇಕೇ ಬೇಕೆಂದರೆ ಮೊದಲೇ ಆ್ಯಪಿನಲ್ಲಿ ಕೊಳ್ಳಿ, ಕೌಂಟರಿನ ದರಕ್ಕಿಂತ ಕಡಿಮೆ ಬೀಳುತ್ತದೆ, ಪಾಳಿಯೂ ನಿಲ್ಲುವುದಿಲ್ಲ.

ಪ್ರಶ್ನೆ: ಕಾರ್ಡಿಗೆ "ಉಚಿತ ಲೌಂಜ್" ಎಂದು ಬ್ಯಾಂಕಿನವರು ಹೇಳಿ ಕೊಟ್ಟಿದ್ದರು. ಬೆಂಗಳೂರಿನಲ್ಲಿ ಎರಡು ಸಲ ಯಂತ್ರ ಒಪ್ಪಲಿಲ್ಲ. ಹಿಂದೆ ಇದೇ ಕಾರ್ಡು ನಡೆದಿತ್ತು. ಕಾರಣವೇನಿರಬಹುದು?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬಹಳ ಮಂದಿಗೆ ಆಗಿರುವುದು ಇದೇ. ಬ್ಯಾಂಕುಗಳು ಈಗ ಹೆಚ್ಚಿನ ಕಾರ್ಡುಗಳಿಗೆ ಖರ್ಚಿನ ಷರತ್ತು ಹಾಕಿವೆ. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮುಂದಿನ ಮೂರು ತಿಂಗಳಿಗೆ ಲೌಂಜು ತೆರೆಯುತ್ತದೆ. ಹೀಗಿದ್ದಾಗ ಜುಲೈನಲ್ಲಿ ಹಾರುವವರು ನೋಡಬೇಕಾದದ್ದು ಏಪ್ರಿಲ್‌ನಿಂದ ಜೂನ್ ತನಕದ ಖರ್ಚು. ಜುಲೈನಲ್ಲೇ ಟಿಕೆಟ್ ಕೊಂಡು "ಖರ್ಚು ಮಾಡಿದೆನಲ್ಲ" ಅಂದರೆ ಯಂತ್ರ ಒಪ್ಪುವುದಿಲ್ಲ. ಇಂಧನ, ಬಾಡಿಗೆ, ವಾಲೆಟ್ಟಿಗೆ ತುಂಬಿದ ಹಣವನ್ನು ಅನೇಕ ಬ್ಯಾಂಕುಗಳು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೆಯ ಕಾರಣ ಮಧ್ಯದ ಕಂಪನಿ. ಬ್ಯಾಂಕಿಗೂ ಲೌಂಜಿಗೂ ನಡುವೆ ಲೆಕ್ಕ ನೋಡುವವರು ಬೇರೆ ಇರುತ್ತಾರೆ. ಈ ಕೆಲಸದಲ್ಲಿ ದೊಡ್ಡದಾಗಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲೌಂಜು ಸೇವೆಯನ್ನು ನಿಲ್ಲಿಸಿತು. ಕಾರ್ಡು ಅದೇ, ಲೌಂಜೂ ಅದೇ, ನಡುವಿನ ಕೊಂಡಿ ಮಾತ್ರ ಕಳಚಿತು. ಹಾಗಾಗಿ ಹಳೆಯ ಅನುಭವದ ಮೇಲೆ ಹೋಗಬೇಡಿ.

ಮೂರನೆಯದು ಕಾರ್ಡಿನ ಸ್ಥಿತಿ. ಲೌಂಜಿನ ಯಂತ್ರ ಚಿಪ್ ಓದಿ ಸಾಮಾನ್ಯವಾಗಿ ₹2ರಷ್ಟು ಕಡಿತ ಮಾಡಿ ನೋಡುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಅಂಗಡಿ ಪಾವತಿಯನ್ನು ಬಂದ್ ಮಾಡಿಟ್ಟಿದ್ದರೆ, ಡೆಬಿಟ್ ಕಾರ್ಡಿನ ಖಾತೆಯಲ್ಲಿ ಹಣವೇ ಇಲ್ಲದಿದ್ದರೆ, ಚಿಪ್ ಸವೆದಿದ್ದರೆ ಅಲ್ಲೇ ನಿಲ್ಲುತ್ತದೆ. ಮೊಬೈಲಿನಲ್ಲಿ ಕಾರ್ಡಿನ ಚಿತ್ರ ತೋರಿಸಿದರೆ ಸಾಲದು, ಕಾರ್ಡೇ ಬೇಕು. ಅದರ ಮೇಲಿನ ಹೆಸರು ಬೋರ್ಡಿಂಗ್ ಪಾಸಿನ ಹೆಸರಿಗೆ ಹೊಂದಬೇಕು. ಗಂಡನ ಕಾರ್ಡಿನಲ್ಲಿ ಹೆಂಡತಿ ಒಬ್ಬರೇ ಹೋಗಲು ಬರುವುದಿಲ್ಲ. ಕೆಲವು ಬ್ಯಾಂಕುಗಳಲ್ಲಿ ಕಾರ್ಡು ಉಜ್ಜುವ ಪದ್ಧತಿಯ ಬದಲು ಆ್ಯಪಿನಲ್ಲಿ ಕ್ಯೂಆರ್ ಕೋಡ್ ತೆಗೆದು ತೋರಿಸಬೇಕು. ಅದನ್ನು ಮನೆಯಿಂದ ಹೊರಡುವ ಮುಂಚೆಯೇ ತೆಗೆದು ಇಟ್ಟುಕೊಳ್ಳಿ.

ಹೊರಡುವ ವಾರ ಹೀಗೆ ಮಾಡಿ. ಬ್ಯಾಂಕಿನ ಆ್ಯಪಿನಲ್ಲಿ ನಿಮ್ಮ ಕಾರ್ಡಿನ ಪೂರ್ತಿ ಹೆಸರು ಹಿಡಿದು ಲೌಂಜು ಪಟ್ಟಿ ತೆರೆಯಿರಿ. ಪಟ್ಟಿಯಲ್ಲಿ ನಿಲ್ದಾಣದ ಸಂಕೇತ ಹುಡುಕಿ: ಹುಬ್ಬಳ್ಳಿ ಎಚ್‌ಬಿಎಕ್ಸ್, ಬೆಂಗಳೂರು ಬಿಎಲ್‌ಆರ್, ಬೆಳಗಾವಿ ಐಎಕ್ಸ್‌ಜಿ. ಗೋವಾಕ್ಕೆ ಎರಡು ನಿಲ್ದಾಣ: ದಾಬೋಲಿಂ ಜಿಒಐ, ಮೋಪಾ ಜಿಒಎಕ್ಸ್. ಬೆಂಗಳೂರಿನಲ್ಲಿ ಟರ್ಮಿನಲ್ 1 ಅಥವಾ 2 ಯಾವುದು ಎಂಬುದನ್ನೂ ನೋಡಿ. ಭದ್ರತಾ ತಪಾಸಣೆ ದಾಟಿದ ಮೇಲೆ ಒಂದು ಟರ್ಮಿನಲ್‌ನಿಂದ ಇನ್ನೊಂದರ ಲೌಂಜಿಗೆ ಹೋಗಲು ಆಗುವುದಿಲ್ಲ. ಆಮೇಲೆ ಕಾರ್ಡಿನ ಹಿಂದಿನ ನಂಬರಿಗೆ ಕರೆ ಮಾಡಿ ಒಂದೇ ಪ್ರಶ್ನೆ ಕೇಳಿ: "ಈ ತ್ರೈಮಾಸಿಕದಲ್ಲಿ ನನಗೆ ಎಷ್ಟು ಸಲ ಉಳಿದಿದೆ?" ಉತ್ತರ ಸಂಖ್ಯೆಯಲ್ಲಿ ಬರಬೇಕು. "ನಿಮ್ಮ ಕಾರ್ಡಿಗೆ ಸೌಲಭ್ಯ ಇದೆ" ಎಂಬುದು ಉತ್ತರವಲ್ಲ.

ಒಳಗೆ ಬಿಟ್ಟರೂ ಹೆಚ್ಚಾಗಿ ಎರಡು-ಮೂರು ತಾಸು ಮಾತ್ರ. ಜೊತೆಗಾರರಿಗೆ ದುಡ್ಡು ಬೇರೆ. ಬೆಳಗಿನ ಜಾವದಿಂದ ಒಂಬತ್ತರ ತನಕ ದೊಡ್ಡ ನಿಲ್ದಾಣದ ಲೌಂಜಿನ ಬಾಗಿಲಲ್ಲೇ ಪಾಳಿ ಇರುತ್ತದೆ. ಗೇಟ್ ಮುಚ್ಚಲು ಒಂದು ತಾಸಿಗಿಂತ ಕಡಿಮೆ ಇದ್ದರೆ ಆ ಪಾಳಿಗೆ ನಿಲ್ಲಬೇಡಿ, ಒಂದು ಪ್ಲೇಟ್ ಇಡ್ಲಿ ಹೊರಗೇ ತಿನ್ನಿ. ಅನೇಕ ನಿಲ್ದಾಣಗಳಲ್ಲಿ ಬೋರ್ಡಿಂಗ್ ಕೂಗಿ ಹೇಳುವುದನ್ನು ನಿಲ್ಲಿಸಿದ್ದಾರೆ, ಲೌಂಜಿನೊಳಗಂತೂ ಕೇಳಿಸುವುದೇ ಇಲ್ಲ. ಗೇಟ್ ಮುಚ್ಚಲು 40 ನಿಮಿಷ ಇರುವಂತೆ ಮೊಬೈಲಿನಲ್ಲಿ ಅಲಾರಂ ಇಟ್ಟೇ ಕೂರಿ.

ಪ್ರಶ್ನೆ: ಮಗ ಓದಲು ವಿದೇಶಕ್ಕೆ ಹೊರಟಿದ್ದಾನೆ. ಹುಬ್ಬಳ್ಳಿ–ಬೆಂಗಳೂರು ಒಂದು ಟಿಕೆಟ್, ಬೆಂಗಳೂರಿನಿಂದ ಮುಂದಕ್ಕೆ ಬೇರೆ ಕಂಪನಿಯ ಟಿಕೆಟ್. ನಡುವೆ ನಾಲ್ಕು ತಾಸು. ಲೌಂಜಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳಬಹುದೆ?
— ಲಕ್ಷ್ಮೇಶ್ವರ

ಉತ್ತರ: ವಿಶ್ರಾಂತಿಗಿಂತ ಮುಂಚೆ ತೂಕ ನೋಡಿ. ಅಮೆರಿಕದಂಥ ಕಡೆ ಹೋಗುವ ವಿದ್ಯಾರ್ಥಿಗೆ 23 ಕಿಲೋದ ಎರಡು ಚೀಲ ಇದ್ದರೆ ಒಟ್ಟು 46. ಎರಡು ಬೇರೆ ಟಿಕೆಟ್ ಆದ್ದರಿಂದ ಹುಬ್ಬಳ್ಳಿಯ ಕೌಂಟರಿಗೆ ಆ ಮಿತಿ ಸಂಬಂಧಿಸಿದ್ದಲ್ಲ, ಅಲ್ಲಿ 15 ಕಿಲೋ. ಉಳಿದ 31 ಕಿಲೋಕ್ಕೆ ದುಡ್ಡು ಕಟ್ಟಬೇಕು, ಅದು ಟಿಕೆಟ್ಟಿನ ದರವನ್ನೇ ಮೀರಬಹುದು. ಒಂದೇ ಪಿಎನ್‌ಆರ್‌ನಲ್ಲಿ ಕೊಂಡಿದ್ದರೆ ಅಂತರರಾಷ್ಟ್ರೀಯ ಮಿತಿಯೇ ಮೊದಲ ಹಾರಾಟಕ್ಕೂ ಹತ್ತುತ್ತಿತ್ತು, ಚೀಲವೂ ನೇರವಾಗಿ ಹೋಗುತ್ತಿತ್ತು. ನಿಮ್ಮ ಸ್ಥಿತಿಯಲ್ಲಿ ಹಿಂದಿನ ರಾತ್ರಿಯ ಬಸ್ಸಿಗೋ ರೈಲಿಗೋ ಚೀಲ ಸಮೇತ ಬೆಂಗಳೂರು ತಲುಪುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಇನ್ನೊಂದು ಕಾರಣವೂ ಇದೆ. ಮೊದಲ ವಿಮಾನ ಮಳೆಗೋ ಮೋಡಕ್ಕೋ ತಡವಾದರೆ ಎರಡನೆಯ ಕಂಪನಿಗೆ ಅದರ ಹೊಣೆ ಇಲ್ಲ.

ವಿಮಾನದಲ್ಲೇ ಹೋಗುವುದಾದರೆ ನಾಲ್ಕು ತಾಸು ಹೀಗೆ ಕರಗುತ್ತದೆ. ಇಳಿದು ಚೀಲ ಬರಲು ಅರ್ಧ ತಾಸು. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಿಂದ ಟರ್ಮಿನಲ್ 2ರಲ್ಲಿವೆ. ಮೊದಲ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದರೆ ಹೊರಗೆ ಬಂದು ಶಟಲ್ ಬಸ್ ಹಿಡಿಯಬೇಕು, ಕಾಯುವುದೂ ಸೇರಿ ಅರ್ಧ ತಾಸು. ಅಲ್ಲಿ ಚೆಕ್-ಇನ್, ವಲಸೆ ತಪಾಸಣೆ, ಭದ್ರತಾ ತಪಾಸಣೆ. ಲೌಂಜು ಇವೆಲ್ಲ ಆದ ಮೇಲೆ. ಎಲ್ಲ ಸರಿಹೋದರೆ ಮುಕ್ಕಾಲು ತಾಸು ಸಿಗಬಹುದು. ಕೈಚೀಲದಲ್ಲಿ ರಂಜಕದ ಬಾಟಲಿ ಇರದಂತೆ ನೋಡಿಕೊಳ್ಳಿ. ಅಂತರರಾಷ್ಟ್ರೀಯ ಹಾರಾಟದಲ್ಲಿ 100 ಮಿಲಿಲೀಟರ್ ಮೀರಿದ ಯಾವ ದ್ರವವೂ, ಗೊಜ್ಜಿನಂಥದ್ದೂ, ಒಳಗೆ ಹೋಗದು.

ಪ್ರಶ್ನೆ: ಡಿಜಿಯಾತ್ರಾದಲ್ಲಿ ನನ್ನ ಟಿಕೆಟ್ ಸೇರುತ್ತಿಲ್ಲ, "ಹೆಸರು ಹೊಂದುತ್ತಿಲ್ಲ" ಎಂದು ಬರುತ್ತದೆ. ಜೊತೆಗೆ ತಾಯಿಗೆ ಗಾಲಿಕುರ್ಚಿ ಬೇಕು.
— ರಾಣೆಬೆನ್ನೂರು

ಉತ್ತರ: ಡಿಜಿಯಾತ್ರಾ ಎಂದರೆ ಮುಖ ಗುರುತಿಸಿ ನಿಲ್ದಾಣದೊಳಗೆ ಬಿಡುವ ಆ್ಯಪು. ನಮ್ಮ ಕಡೆಯ ಹೆಸರುಗಳಿಗೆ ಇದು ಮತ್ತೆ ಮತ್ತೆ ಆಗುತ್ತದೆ. ಆಧಾರ್‌ನಲ್ಲಿ ನಿಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಟಿಕೆಟ್ ಕೊಳ್ಳುವಾಗ ನಡುವಿನದನ್ನು ಬಿಡುತ್ತೇವೆ, ಇಲ್ಲವೇ ಒಂದಕ್ಷರಕ್ಕೆ ಇಳಿಸುತ್ತೇವೆ. ಮನುಷ್ಯರು ನೋಡುವ ಬಾಗಿಲಲ್ಲಿ ಅದು ನಡೆಯುತ್ತದೆ, ಯಂತ್ರ ಒಪ್ಪುವುದಿಲ್ಲ. ಟಿಕೆಟ್ ಕೊಳ್ಳುವಾಗ ಆಧಾರ್ ಕೈಯಲ್ಲಿ ಹಿಡಿದು ಅದೇ ಕ್ರಮದಲ್ಲಿ, ಅದೇ ಕಾಗುಣಿತದಲ್ಲಿ ತುಂಬಿ. ಕಂಪನಿಯ ವೆಬ್‌ಸೈಟಿನಲ್ಲೇ ನೇರವಾಗಿ ಕೊಂಡಿದ್ದು, 24 ತಾಸಿನೊಳಗೆ ತಿಳಿಸಿದರೆ ಅದೇ ವ್ಯಕ್ತಿಯ ಹೆಸರಿನ ಅಕ್ಷರದೋಷ ತಿದ್ದಲು ಕಂಪನಿ ದುಡ್ಡು ಕೇಳುವಂತಿಲ್ಲ. ಪ್ರತಿ ಪ್ರಯಾಣಕ್ಕೂ ಬೋರ್ಡಿಂಗ್ ಪಾಸ್ ಅನ್ನು ಆ್ಯಪಿಗೆ ಸೇರಿಸಿ ಹೊರಡುವ ನಿಲ್ದಾಣಕ್ಕೆ ಹಂಚಿಕೊಳ್ಳಬೇಕು, ಒಮ್ಮೆ ನೋಂದಾಯಿಸಿದರೆ ಮುಗಿಯಿತೆಂದಲ್ಲ. ಬೆಂಗಳೂರಿನಲ್ಲಿ ಈ ಸೌಲಭ್ಯ 2022ರ ಡಿಸೆಂಬರ್ 1ರಿಂದಲೇ ಇದೆ. ಆದರೂ ಗುರುತಿನ ಚೀಟಿ ಜೇಬಿನಲ್ಲಿರಲಿ.

ತಾಯಿಯ ಗಾಲಿಕುರ್ಚಿಗೆ ಟಿಕೆಟ್ ಜೊತೆಗೇ, ತಪ್ಪಿದರೆ 48 ತಾಸು ಮುಂಚೆ ಹೇಳಿ. ಎಷ್ಟು ನಡೆಯಬಲ್ಲರು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದಕ್ಕೆ ಮೂರು ದರ್ಜೆ ಇದೆ: ದೂರ ನಡೆಯಲಾಗದು ಆದರೆ ಮೆಟ್ಟಿಲು ಹತ್ತುತ್ತಾರೆ, ಮೆಟ್ಟಿಲೂ ಆಗದು, ಆಸನದ ತನಕ ಎತ್ತಿ ಒಯ್ಯಬೇಕು. ಎಟಿಆರ್ ಹತ್ತುವುದು ಏಣಿ ಇಲ್ಲವೇ ಇಳಿಜಾರಿನಿಂದ. ಮೊಣಕಾಲು ನೋವಿನವರಿಗೆ ಎರಡನೆಯ ದರ್ಜೆ ಬರೆಸದಿದ್ದರೆ ಕುರ್ಚಿ ಏಣಿಯ ಬುಡಕ್ಕೆ ಬಂದು ನಿಲ್ಲುತ್ತದೆ. ಗಾಲಿಕುರ್ಚಿ ಕೇಳಿದವರಿಗೆ ಕೆಲವು ಕಂಪನಿಗಳಲ್ಲಿ ವೆಬ್ ಚೆಕ್-ಇನ್ ತೆರೆಯುವುದಿಲ್ಲ. ಹಾಗಾದರೆ ಅರ್ಧ ತಾಸು ಮುಂಚೆ ಬನ್ನಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಡುವ ವಿಮಾನ ಮೂರು ತಾಸು ತಡವಾಯಿತು. ಕಂಪನಿಯವರು ಲೌಂಜು ಅಥವಾ ಹಣ ಕೊಡಬೇಕಲ್ಲವೇ? ಒಂದು ನೀರಿನ ಬಾಟಲಿ ಕೊಟ್ಟು ಸುಮ್ಮನಾದರು.
— ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಲೌಂಜು ಕೊಡಬೇಕೆಂದಿಲ್ಲ. ತಡಕ್ಕೆ ನಗದು ಪರಿಹಾರವೂ ನಿಯಮದಲ್ಲಿಲ್ಲ. ಊಟ-ಉಪಾಹಾರ ಮಾತ್ರ ನಿಮ್ಮ ಹಕ್ಕು. ಎರಡೂವರೆ ತಾಸಿನೊಳಗಿನ ಹಾರಾಟ ಎರಡು ತಾಸು ತಡವಾದರೆ ಸಮಯಕ್ಕೆ ಚೆಕ್-ಇನ್ ಆದವರಿಗೆ ಉಪಾಹಾರ ಕೊಡಬೇಕು ಎಂದು ಡಿಜಿಸಿಎ ನಿಯಮ ಹೇಳುತ್ತದೆ. ಹುಬ್ಬಳ್ಳಿ–ಬೆಂಗಳೂರು ಆ ಲೆಕ್ಕದಲ್ಲೇ ಬರುತ್ತದೆ. ಬರೀ ನೀರು ಉಪಾಹಾರವಲ್ಲ. ತಡ ಆರು ತಾಸು ಮೀರುವುದಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ರಾತ್ರಿ 8ರಿಂದ ನಸುಕಿನ 3ರ ನಡುವೆ ಹೊರಡಬೇಕಾದ ವಿಮಾನ ಆರು ತಾಸಿಗೂ ಹೆಚ್ಚು ತಡವಾದರೆ ವಸತಿಯನ್ನೂ ಕೊಡಬೇಕು.

ಹೊಸ ಸಮಯ ತಿಳಿಸಿದ ಎಸ್‌ಎಂಎಸ್ ಅಳಿಸಬೇಡಿ. ಎರಡು ತಾಸು ಆಗುತ್ತಿದ್ದಂತೆ ಕೌಂಟರಿನಲ್ಲಿ "ಉಪಾಹಾರದ ಕೂಪನ್" ಎಂದು ಹೆಸರು ಹಿಡಿದೇ ಕೇಳಿ. ಇಲ್ಲವೆಂದರೆ ಅಲ್ಲೇ ಏರ್‌ಸೇವಾದಲ್ಲಿ ಪಿಎನ್‌ಆರ್ ಹಾಕಿ ದೂರು ಕೊಟ್ಟು, ಬಂದ ನಂಬರನ್ನು ಸಿಬ್ಬಂದಿಗೆ ತೋರಿಸಿ. ಸ್ವಂತ ದುಡ್ಡಿನಲ್ಲಿ ತಿಂದಿದ್ದರೆ ಬಿಲ್ಲು ಇಟ್ಟುಕೊಳ್ಳಿ, ಅದನ್ನೂ ಆ ದೂರಿಗೆ ಲಗತ್ತಿಸಬಹುದು.